ಗಣಕಯಂತ್ರದ ಧ್ವನಿ ತಾನಾಗಿ ಕುಗ್ಗುವುದೇಕೆ?

ನಮ್ಮ ಗೃಹಿಣಿಗೆ ಈಚೆಗೆ ಕಿವಿ ಮಂದ. ಸಾಯಂಕಾಲ ಗಣಕಯಂತ್ರದಲ್ಲಿ ಹರಿಕಥೆ ಕೇಳುವುದೇ ಆಕೆಗೆ ಸಮಾಧಾನ. ಆದರೆ ಏರಿಸಿಟ್ಟ ಧ್ವನಿಯು ನಡುವೆ ತಾನಾಗಿ ಕುಗ್ಗುತ್ತಿತ್ತು. ಆಕೆ ಇನ್ನಷ್ಟು ಏರಿಸಿದರೆ ತುಸು ಹೊತ್ತಿನಲ್ಲಿಯೇ ಅಬ್ಬರಿಸುತ್ತಿತ್ತು. ಇದು ಮೊಮ್ಮಗನ ಚೇಷ್ಟೆಯೆಂದು ಬಗೆದು ಆ ಹುಡುಗನನ್ನು ಗದರಿಸಿದೆವು.

ಕಾರಣವಿಲ್ಲದೆ ಕಾರ್ಯವಿಲ್ಲವಷ್ಟೆ. ಅನ್ವಯ-ವ್ಯತಿರೇಕಗಳಿಂದ ಪರೀಕ್ಷಿಸಲು, ಹರಿಕಥೆಯನ್ನು ನಿಲ್ಲಿಸದೆ ನಾವು ಅದೇ ಯಂತ್ರದಲ್ಲಿ ಮಗಳೊಡನೆ ಮಾತನಾಡುವಾಗ ಮಾತ್ರ ಧ್ವನಿ ಕುಗ್ಗುವುದೆಂದೂ, ಕರೆಯಿಲ್ಲದ ದಿನ ಕುಗ್ಗದೆಂದೂ ತಿಳಿಯಿತು. ಸಂಭಾಷಣೆಯು ಸ್ಪಷ್ಟವಾಗಿ ಕೇಳಿಸಲೆಂದು ವಿಂಡೋಸ್ ವ್ಯವಸ್ಥೆಯು ಇತರ ಧ್ವನಿಗಳನ್ನು ನೂರಕ್ಕೆ 80ರಷ್ಟು ತಗ್ಗಿಸುವಂತೆ ಮೊದಲೇ ಏರ್ಪಟ್ಟಿರುತ್ತದೆ.

ಪರಿಹಾರವು ಸುಲಭ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಸೌಂಡ್’ ತೆರೆದು, ‘ಕಮ್ಯುನಿಕೇಷನ್ಸ್’ ಎಂಬ ಪುಟದಲ್ಲಿ ‘ಡು ನಥಿಂಗ್’ ಎಂಬುದನ್ನು ಆರಿಸಿ ‘ಓಕೆ’ ಒತ್ತತಕ್ಕದ್ದು. ಹೆಡ್‌ಫೋನಿಗೂ ಸ್ಪೀಕರಿಗೂ ಯಂತ್ರವು ಬೇರೆಬೇರೆ ಪ್ರಮಾಣವನ್ನು ನೆನಪಿಡುವುದರಿಂದ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಬಂದಾಗಲೂ ಧ್ವನಿ ಬದಲಾದಂತೆ ತೋರುವುದುಂಟು. ಎರಡನ್ನೂ ಪ್ರತ್ಯೇಕವಾಗಿ ಸರಿಪಡಿಸಬೇಕು.

ಈಗ ಹರಿಕಥೆ ನಿರ್ವಿಘ್ನವಾಗಿ ಸಾಗಿದೆ. ಮೊಮ್ಮಗನನ್ನು ಬಳಿಗೆ ಕರೆದು, ತಪ್ಪು ನಮ್ಮದೇ ಎಂದು ಒಪ್ಪಿಕೊಂಡೆವು. ಕಾರಣವನ್ನರಿಯದೆ ಮಕ್ಕಳನ್ನು ದಂಡಿಸುವುದು ಗೃಹಸ್ಥರಾದವರಿಗೆ ತಕ್ಕುದಲ್ಲ.