ಕಟ್ಟಿಂಗೇರಿಯಿಂದ ಬಂದ ರೇಖೆ

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ವಾರ ಮಗಳು ಒಂದು ಅರ್ಜಿ ತಂದು ಊಟದ ಮೇಜಿನ ಮೇಲಿಟ್ಟಳು. ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದಿತ್ತು. ಆದರೆ ಅರ್ಜಿ ಇಂಜಿನಿಯರಿಂಗ್‌ಗೆ ಅಲ್ಲ, ಚಿತ್ರಕಲೆಗೆ. ನನ್ನ ಸಹಿ ಬೇಕಿತ್ತು.

"ನಾಳೆ ಹೊಟ್ಟೆಗೇನು?" ಎಂದು ಕೇಳಿದೆ. ನನ್ನಂಥವನು ಬೇರೇನು ಕೇಳಿಯಾನು? ನಲವತ್ತು ವರ್ಷಗಳ ಹಿಂದೆ ಉಡುಪಿ ಕಡೆಯಿಂದ ಬಸ್ಸು ಹತ್ತಿ ಮುಂಬಯಿಗೆ ಬಂದವನು ನಾನು. ಹಗಲು ಕ್ಯಾಂಟೀನಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಕೊನೆಗೊಂದು ಗುಮಾಸ್ತಗಿರಿ ಹಿಡಿದೆ. ನಮ್ಮಲ್ಲಿ ಹೆಚ್ಚಿನವರ ಕತೆ ಇದೇ.

ಅವಳು ಜಗಳವಾಡಲಿಲ್ಲ. "ಬೆಂಗಳೂರಿನ ಮ್ಯೂಸಿಯಂ ನೆನಪಿದೆಯಾ ಅಪ್ಪಾ?" ಎಂದಳು.

ನೆನಪಿತ್ತು. ಮದುವೆಯೊಂದಕ್ಕೆ ಹೋದಾಗ ಮಳೆ ಬಂತೆಂದು ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯ ಒಳಗೆ ಹೊಕ್ಕಿದ್ದೆವು. ಅಲ್ಲಿ ಕೆ.ಕೆ. ಹೆಬ್ಬಾರರ ಚಿತ್ರಗಳಿದ್ದವು. ಆಗ ಅವಳಿಗೆ ಎಂಟು ವರ್ಷ. "ಇವರು ಯಾರು?" ಎಂದಾಗ, "ನಮ್ಮವರು. ನಮ್ಮ ಊರಿನ ಕಡೆಯವರು, ನಮ್ಮ ಮುಂಬಯಿಯಲ್ಲೇ ಇದ್ದವರು" ಎಂದು ಎದೆಯುಬ್ಬಿಸಿ ಹೇಳಿದ್ದೆ. ಈಗ ಅದೇ ಮಾತು ನನ್ನತ್ತ ತಿರುಗಿ ಬಂತು: "ಅವರ ಮನೆಯಲ್ಲೂ ಯಾರಾದರೂ ಹೊಟ್ಟೆಗೇನು ಅಂತ ಕೇಳಿರಬೇಕಲ್ಲ?"

ಉತ್ತರ ಹೊಳೆಯಲಿಲ್ಲ. ಅಂದು ರಾತ್ರಿಯಿಂದ ಹೆಬ್ಬಾರರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಅಲ್ಲಿಯವರೆಗೆ ಅವರ ಹೆಸರಿನ ಬಗ್ಗೆ ಅಭಿಮಾನವಿತ್ತೇ ಹೊರತು ಬದುಕಿನ ಬಗ್ಗೆ ತಿಳಿವಳಿಕೆ ಇರಲಿಲ್ಲ.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ. ಚಿತ್ರ ಕಲಿಯಬೇಕೆಂದು ಮುಂಬಯಿಗೆ ಬಂದು ಸರ್ ಜೆ.ಜೆ. ಕಲಾಶಾಲೆ ಸೇರಿದರು. ವಿ.ಟಿ. ಸ್ಟೇಷನ್ನಿನಿಂದ ಕ್ರಾಫರ್ಡ್ ಮಾರುಕಟ್ಟೆಗೆ ನಡೆಯುವ ದಾರಿಯಲ್ಲಿ ನಾನು ಎಷ್ಟು ಸಲ ಆ ಗೇಟು ದಾಟಿದ್ದೇನೋ, ಒಮ್ಮೆಯೂ ಒಳಗೆ ಇಣುಕಿರಲಿಲ್ಲ. ಕಲಿತ ಶಾಲೆಯಲ್ಲೇ ಅವರು ಮುಂದೆ ಮೇಷ್ಟ್ರೂ ಆದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಭಾಗ. 1949ರಲ್ಲಿ, ಮೂವತ್ತೆಂಟರ ಪ್ರಾಯದಲ್ಲಿ, ಹೆಸರು ಮಾಡಿದ ಕಲಾವಿದರಾಗಿದ್ದಾಗ, ಅವರು ಪ್ಯಾರಿಸ್‌ಗೆ ಹೋಗಿ ಅಕಾಡೆಮಿ ಜೂಲಿಯನ್‌ನಲ್ಲಿ ಮತ್ತೆ ವಿದ್ಯಾರ್ಥಿಯಾದರು. ಸಾಲದೆಂಬಂತೆ ಪಂಡಿತ್ ಸುಂದರ ಪ್ರಸಾದರ ಬಳಿ ಕಥಕ್ ಕಲಿತರು. ರಂಗವೇರಿ ಕುಣಿಯುವುದಕ್ಕಲ್ಲ, ಲಯವೆಂದರೇನೆಂದು ಮೈಯಿಂದಲೇ ತಿಳಿಯುವುದಕ್ಕೆ.

ಆ ಲಯ ಅವರ ರೇಖಾಚಿತ್ರಗಳಲ್ಲಿ ಕಾಣುತ್ತದೆ. ನರ್ತಕಿ, ವಾದ್ಯಗಾರ, ಹೊರೆ ಹೊತ್ತ ಹೆಂಗಸು, ಯಾರನ್ನೇ ಬರೆಯಲಿ, ಕೆಲವೇ ಗೆರೆಗಳಲ್ಲಿ ದೇಹದ ತೂಕ, ತಿರುವು, ದಣಿವು ಎಲ್ಲ ಬಂದುಬಿಡುತ್ತದೆ. 1964ರಲ್ಲಿ ಈ ರೇಖಾಚಿತ್ರಗಳು 'ದಿ ಸಿಂಗಿಂಗ್ ಲೈನ್' ಎಂಬ ಪುಸ್ತಕವಾಗಿ ಬಂದವು. ಹಾಡುವ ರೇಖೆ ಎಂಬ ಹೆಸರು ಅವರಿಗೇ ಅಂಟಿಕೊಂಡಿತು. ಬಣ್ಣದ ಚಿತ್ರಗಳಲ್ಲಿಯೂ ಊರು ಅವರನ್ನು ಬಿಡಲಿಲ್ಲ. ಅವರ ಕೋಳಿ ಅಂಕದ ಚಿತ್ರ ನೋಡಿ. ಇದು ಕೊಕ್ಕು, ಇದು ರೆಕ್ಕೆ ಎಂದು ಬೆರಳಿಟ್ಟು ತೋರಿಸುವುದಕ್ಕಿಂತ ಮೊದಲೇ ಕಾಳಗದ ರಭಸ ಕಣ್ಣಿಗೆ ಬಡಿಯುತ್ತದೆ. ಗದ್ದೆ ಬದಿಯಲ್ಲಿ ಅಂಕ ನೋಡಿ ಬೆಳೆದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂತು. 1996ರಲ್ಲಿ ಅವರು ತೀರಿಕೊಂಡದ್ದು ಇದೇ ಮುಂಬಯಿಯಲ್ಲಿ.

ಇಷ್ಟು ಓದಿದ ಮೇಲೆ ನನ್ನ ಭಯ ಹೋಯಿತೆಂದು ಹೇಳಿದರೆ ಸುಳ್ಳಾದೀತು. ಚಿತ್ರ ಬರೆದವರೆಲ್ಲ ಹೆಬ್ಬಾರರಾಗುವುದಿಲ್ಲ. ಅವರ ಹೆಸರು ಉಳಿಯಿತು, ಅದೇ ಶಾಲೆಯಲ್ಲಿ ಅವರ ಜೊತೆ ಕೂತ ಎಷ್ಟೋ ಮಂದಿಯ ಹೆಸರು ನಮಗೆ ಗೊತ್ತಿಲ್ಲ. ಇದನ್ನು ಮಗಳಿಗೂ ಹೇಳಿದೆ. "ಗೊತ್ತು ಅಪ್ಪಾ" ಎಂದಳು.

ಆದರೆ ಒಂದು ಮಾತು ನನಗೇ ನಾಚಿಕೆ ತಂದಿತು. ನಾವು ಹೊರನಾಡ ಕನ್ನಡಿಗರು ವೇದಿಕೆಯ ಮೇಲೆ ಹೆಬ್ಬಾರರ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ. ನಮ್ಮದೇ ಮನೆಯ ಮಗು ಬ್ರಷ್ ಹಿಡಿದರೆ ಕೈಯಿಂದ ಕಿತ್ತುಕೊಳ್ಳುತ್ತೇವೆ. ಆಗ ಆ ಅಭಿಮಾನಕ್ಕೆ ಏನು ಬೆಲೆ?

ಕೊನೆಯ ದಿನ ಸಹಿ ಹಾಕಿದೆ. ಮಡದಿ ಎರಡು ದಿನ ಮಾತು ಬಿಟ್ಟಳು. ಮಗಳು ಈಗ ಬೆಳಗಿನ ಲೋಕಲ್‌ನಲ್ಲಿ ನಿಂತುಕೊಂಡೇ ಜನರ ಚಿತ್ರ ಬರೆಯುತ್ತಾಳೆ. ಒಳ್ಳೆಯದೋ ಕೆಟ್ಟದ್ದೋ ಹೇಳಲು ನನಗೆ ಬರುವುದಿಲ್ಲ.

ಈ ರಜೆಯಲ್ಲಿ ಊರಿಗೆ ಹೋಗುವವರು ಮಣಿಪಾಲದಲ್ಲಿ ಹೆಬ್ಬಾರರ ಹೆಸರಿನ ಗ್ಯಾಲರಿಗೊಮ್ಮೆ ಹೋಗಿ ಬನ್ನಿ. ಮಕ್ಕಳನ್ನೂ ಕರೆದೊಯ್ಯಿರಿ. "ಇವರು ನಮ್ಮವರು" ಎಂದು ಹೇಳುವ ಮೊದಲು ಮಾತ್ರ ಸ್ವಲ್ಪ ಯೋಚಿಸಿ. ಮಕ್ಕಳು ಅದನ್ನು ಮರೆಯುವುದಿಲ್ಲ.