ಶ್ರುತಿ ಇಳಿಸಿ ಸ್ವಾಮಿ!

ಜಪಾನಿನ ಕೋಬೆ ಪಟ್ಟಣದಲ್ಲಿ 1971ರಲ್ಲಿ ಡೈಸುಕೆ ಇನೊವೆ ಎಂಬ ವಾದ್ಯಗಾರ 11 ಪೆಟ್ಟಿಗೆ ಕಟ್ಟಿಸಿ ಬಾರುಗಳಿಗೆ ಬಾಡಿಗೆ ಕೊಟ್ಟ. ವಾದ್ಯ ಪೆಟ್ಟಿಗೆಯದು, ಹಾಡು ಗಿರಾಕಿಯದು. ಅದೇ ಕರೋಕೆ. ಪೇಟೆಂಟ್ ಮಾಡಿಸಲಿಲ್ಲ, ಪುಣ್ಯಾತ್ಮ!

ಈಗ ಅಲ್ಲಿ ಗಂಟೆ ಲೆಕ್ಕದ ಬಾಡಿಗೆ ಕೋಣೆಗಳಲ್ಲಿ ಹಾಡೋರ ಪಾಡು ಕೇಳಿ. ಎಕ್ಸ್ ಜಪಾನ್ ತಂಡದ ‘ಕುರೆನಾಯ್’ (1989) ಹಿಡಿದರೆ ಗಂಡಸಿನ ಗಂಟಲು ತಾರಸ್ಥಾಯಿ ಬಿಟ್ಟು ಇಳಿಯೋ ಹಾಗಿಲ್ಲ. 2007ರಲ್ಲಿ ಬಂದ ಹಾಟ್ಸುನೆ ಮಿಕು ಇನ್ನೂ ಘಾಟಿ. ಹೆಣ್ಣಲ್ಲ, ಕಂಪ್ಯೂಟರ್ ಕಂಠ. ಅವಳಿಗೆ ಉಸಿರೆಳೆಯೋ ದರ್ದಿಲ್ಲ. ಅವಳಿಗೆಂದು ಕಟ್ಟಿದ ಎಷ್ಟೋ ಹಾಡಿನಲ್ಲಿ ನಮ್ಮಂಥವರ ಉಸಿರಿಗೆ ಜಾಗವೇ ಇಲ್ಲ.

ಶ್ರುತಿ ಇಳಿಸೋ ಗುಂಡಿ ಯಂತ್ರದಲ್ಲೇ ಉಂಟು. ಒತ್ತಿದರೆ ಮಾನ ಹೋದೀತೆಂದು ಕಿರುಚಿದವರು ಮರುದಿನ ಆಫೀಸಿನಲ್ಲಿ ಕೈಸನ್ನೆ ಮಾಡ್ತಾ ಕೂರಬೇಕು. ಹಾಡು ಮುಗಿದಾಗ ನೂರಕ್ಕೆ ಇಷ್ಟು ಅಂತ ಅಂಕ ಕೊಡೋ ಯಂತ್ರ, ಶ್ರುತಿ ಇಳಿಸಿದ್ದಕ್ಕೇನೂ ಅಂಕ ಕಳೆಯೋದಿಲ್ಲ.