ಹಾಳು ದೇಗುಲಗಳೂ ಛಾಯಾಚಿತ್ರವೂ

ಹಾಳುಬಿದ್ದ ದೇವಾಲಯವನ್ನು ಕಾಣಲು ಹೋಗುವವರಲ್ಲಿ ಬಹುಮಂದಿ ಸೊಬಗನ್ನು ಅರಸಿ ಹೋಗುತ್ತಾರೆ. ಮುಕ್ಕಾಗದೆ ಉಳಿದ ವಿಗ್ರಹದ ಚಿತ್ರವನ್ನು ತೆಗೆದುಕೊಂಡು, ಮುರಿದ ಕಂಬವನ್ನೂ ಮಗುಚಿಬಿದ್ದ ಚಪ್ಪಡಿಯನ್ನೂ ದಾಟಿ ಮುಂದೆ ನಡೆಯುತ್ತಾರೆ. ಆದರೆ ಚರಿತ್ರೆಯು ಅನೇಕ ವೇಳೆ ಅಡಗಿರುವುದು ಅಂತಹ ಚಪ್ಪಡಿಯಲ್ಲಿಯೇ.

ಇದಕ್ಕೆ ನಿದರ್ಶನವನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಅಫಜಲಪುರ, ಜೇವರ್ಗಿ ಸೀಮೆಗಳನ್ನು ಹಾಯ್ದು ಬರುವ ಭೀಮಾನದಿಯ ದಡದಲ್ಲಿ, ಚಿತ್ತಾಪುರ ತಾಲ್ಲೂಕಿಗೆ ಸೇರಿದ ಸನ್ನತಿ ಎಂಬ ಗ್ರಾಮವಿದೆ. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿರುವ ಕಾಳಿಯ ಗುಡಿಯ ಮಾಡು 1986ರಲ್ಲಿ ಕುಸಿದು, ಮೂರ್ತಿಯು ಭಗ್ನವಾಯಿತು. ಮೂರ್ತಿಗೆ ಆಧಾರವಾಗಿದ್ದ ಕಲ್ಲನ್ನು ಪರೀಕ್ಷಿಸಲಾಗಿ, ಅದು ಅಶೋಕ ಚಕ್ರವರ್ತಿಯ ಶಾಸನವೆಂದು ತಿಳಿದುಬಂದಿತು! ಕಲ್ಲಿನ ಎರಡು ಮೈಗಳಲ್ಲಿಯೂ ಬ್ರಾಹ್ಮೀ ಲಿಪಿಯ ಪ್ರಾಕೃತ ಬರಹ. ನಡುವೆ ಮೂರ್ತಿಯನ್ನು ನಿಲ್ಲಿಸುವುದಕ್ಕಾಗಿ ಕೊರೆದ ಕಂಡಿ. ಕೊರೆದವನು ಅಕ್ಷರದ್ವೇಷಿಯೇನಲ್ಲ, ಅವನಿಗೆ ಬೇಕಾಗಿದ್ದುದು ಗಟ್ಟಿಯಾದ ಕಲ್ಲು, ಅಷ್ಟೆ. ಕ್ರಿಸ್ತಪೂರ್ವ 3ನೆಯ ಶತಮಾನದ ರಾಜಾಜ್ಞೆಯೊಂದು ಹೀಗೆ ಬಹುಕಾಲ ದೇವಿಯ ಪಾದದಡಿಯಲ್ಲಿ ಅಜ್ಞಾತವಾಗಿತ್ತು. ಮುಂದೆ 1990ರ ದಶಕದಲ್ಲಿ ನೆರೆಯ ಕನಗನಹಳ್ಳಿಯಲ್ಲಿ ಉತ್ಖನನ ನಡೆದು, ಬೌದ್ಧ ಮಹಾಸ್ತೂಪವೂ, ‘ರಾಯ ಅಸೋಕೋ’ ಎಂಬ ಹೆಸರನ್ನು ಹೊತ್ತ ರಾಜದಂಪತಿಗಳ ಶಿಲ್ಪವೂ ಬೆಳಕಿಗೆ ಬಂದವು.

ಕಲ್ಲುಗಳು ಹೀಗೆ ನೆಲೆ ಬದಲಿಸುವುದುಂಟು; ಕಟ್ಟಡದ ಭಾಗಗಳು ಇಲ್ಲವಾಗುವುದೂ ಉಂಟು. ಆಗ ಛಾಯಾಚಿತ್ರವು ಸಾಕ್ಷಿಯಾಗುತ್ತದೆ. ಮದರಾಸು ಸೈನ್ಯದ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪೆಗೆ ಬಂದು, ಮೇಣ ಹಚ್ಚಿದ ದೊಡ್ಡ ಕಾಗದಗಳ ಮೇಲೆ ಅಲ್ಲಿಯ ಚಿತ್ರಗಳನ್ನು ತೆಗೆದನು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಅಂದು ಇಟ್ಟಿಗೆಯ ಶಿಖರವಿದ್ದುದು ಅವನ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇಂದು ಆ ಶಿಖರವಿಲ್ಲ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವನು ನಿಂತಿದ್ದ ಎಡೆಗಳಲ್ಲಿಯೇ ನಿಂತು ಪುನಃ ಚಿತ್ರಗಳನ್ನು ತೆಗೆದರು. ಎರಡನ್ನೂ ಹೋಲಿಸಿದರೆ ಶತಮಾನಕ್ಕೆ ಮಿಕ್ಕ ಕಾಲ ಮಾಡಿದ ಕೆಲಸವು ಕಣ್ಣಿಗೆ ಕಟ್ಟುತ್ತದೆ.

ಕಿಸೆಯ ಫೋನಿನಲ್ಲಿಯೇ ಕ್ಯಾಮರಾ ಇರುವ ಈ ಕಾಲದಲ್ಲಿ ಇಂತಹ ಸಾಕ್ಷ್ಯವನ್ನು ಒದಗಿಸುವುದು ಯಾರಿಗೂ ಅಸಾಧ್ಯವಲ್ಲ. ಮೊದಲು ನಾಲ್ಕು ದಿಕ್ಕಿನಿಂದಲೂ ಇಡೀ ಕಟ್ಟಡದ ಚಿತ್ರವನ್ನು ತೆಗೆಯಬೇಕು. ಅನಂತರ ಬಾಗಿಲುವಾಡ, ಕಂಬ, ಭುವನೇಶ್ವರಿ ಮೊದಲಾದವನ್ನು. ಬಿದ್ದ ಕಲ್ಲುಗಳನ್ನು ಎತ್ತದೆ, ಹೊರಳಿಸದೆ, ಬಿದ್ದಲ್ಲಿಯೇ ತೆಗೆಯಬೇಕು. ಅದು ಎಲ್ಲಿ ಬಿದ್ದಿದೆ ಎಂಬುದೂ ಒಂದು ಆಧಾರವೇ. ಪಕ್ಕದಲ್ಲಿ ಅಳತೆಗೋಲೊಂದನ್ನು ಇಟ್ಟರೆ ಗಾತ್ರವು ತಿಳಿಯುತ್ತದೆ. ಶಾಸನಕ್ಕೆ ನಡುಹಗಲಿನ ಬಿಸಿಲು ತಕ್ಕುದಲ್ಲ. ಬೆಳಗಿನ ಅಥವಾ ಸಂಜೆಯ ಓರೆಬೆಳಕು ಬಿದ್ದಾಗ, ಅಕ್ಷರದ ಗೀರುಗಳಲ್ಲಿ ನೆರಳು ನಿಂತು, ಸವೆದ ಬರಹವೂ ಎದ್ದು ಕಾಣುತ್ತದೆ. ಅಕ್ಷರ ಕಾಣಲೆಂದು ಎಣ್ಣೆಯನ್ನಾಗಲಿ ಸುಣ್ಣವನ್ನಾಗಲಿ ಬಳಿಯಬಾರದು. ಪೂಜೆ ನಡೆಯುವ ಗುಡಿಯಾದರೆ ಅರ್ಚಕರ ಅಪ್ಪಣೆಯನ್ನು ಪಡೆಯುವುದು ಉಚಿತ. ಕೊನೆಗೆ, ಊರು, ದಿಕ್ಕು, ದಿನಾಂಕಗಳನ್ನು ಬರೆದಿಡಬೇಕು. ಇವಿಲ್ಲದ ಚಿತ್ರದಿಂದ ಸಂಶೋಧಕರಿಗೆ ಆಗುವ ಪ್ರಯೋಜನ ಅಲ್ಪ.

ಸನ್ನತಿಯ ಕಲ್ಲು ಹೊರಬರಲು ಮಾಡೇ ಕುಸಿಯಬೇಕಾಯಿತು. ಆಳಂದದ ಕಡೆಯ ಜಿಡಗಾದಂತಹ ಊರುಗಳಿಗೆ ಹೋದಾಗ, ಗುಡಿಯ ಹಿಂದೆಯೋ ಕಟ್ಟೆಯ ಮಗ್ಗುಲಲ್ಲಿಯೋ ಒರಗಿರುವ ಹಳೆಯ ಕಲ್ಲು ಕಂಡರೆ, ತಾವು ಅದರ ಮುಂದೆ ಒಂದು ಗಳಿಗೆ ನಿಂತು ಚಿತ್ರವನ್ನು ತೆಗೆದಿಟ್ಟುಕೊಳ್ಳಿರಿ. ಮುಂದಿನ ಸಲ ಹೋಗುವ ವೇಳೆಗೆ ಅದು ಯಾವುದೋ ಗೋಡೆಯ ಒಳಗೆ ಸೇರಿರಬಹುದು.